ಒಬ್ಬರೇ ಬ್ರಿಟನ್ ಸುತ್ತುತ್ತಾ ಆನ್‌ಲೈನ್ ಗೆಳೆಯರನ್ನು ಭೇಟಿಯಾಗುವುದು ಹೇಗೆ: ಮೊದಲಿನಿಂದ ಕೊನೆವರೆಗೆ

ನನ್ನ ಬ್ರಿಟನ್ ಪ್ರಯಾಣ ಶುರುವಾಗಿದ್ದು ಮಂಡಗದ್ದೆಯಲ್ಲಿ ತೆಗೆದ ಒಂದು ಮಸುಕು ಫೋಟೋದಿಂದ. ತುಂಗೆಯ ನಡುಗಡ್ಡೆಯ ಮರದಲ್ಲಿ ಕೂತಿದ್ದ ಹಕ್ಕಿ ಯಾವುದು ಎಂದು ಹಕ್ಕಿ ನೋಡುವವರ ಒಂದು ಆನ್‌ಲೈನ್ ಗುಂಪಿನಲ್ಲಿ ಕೇಳಿದ್ದೆ. ಉತ್ತರ ಬಂದಿದ್ದು ಇಂಗ್ಲೆಂಡಿನ ಯಾರ್ಕ್‌ನಿಂದ. ಅಲ್ಲಿಂದ ಮಾತು ಬೆಳೆಯಿತು. ಐದು ವರ್ಷದಲ್ಲಿ ನಾಲ್ಕು ಊರುಗಳಲ್ಲಿ ನಾಲ್ಕು ಜನ ಗೆಳೆಯರಾದರು. ಒಬ್ಬರು ಲಂಡನ್, ಒಬ್ಬರು ಯಾರ್ಕ್, ಒಬ್ಬರು ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೋ ಹತ್ತಿರದ ನಾರ್ತ್ ಬೆರಿಕ್, ಇನ್ನೊಬ್ಬರು ವೇಲ್ಸ್‌ನ ಕಾರ್ಡಿಫ್. ಕೊನೆಗೆ ಒಂದು ಜೂನ್‌ನಲ್ಲಿ ಮೂರು ವಾರ ಒಬ್ಬಳೇ ಹೋಗಿ ಎಲ್ಲರನ್ನೂ ನೋಡಲು ಹೊರಟೆ.

ಹೊರಡುವ ಮೊದಲು ಮನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಮುಖ ನೋಡದವರನ್ನು ನಂಬಿಕೊಂಡು ಅಷ್ಟು ದೂರ ಹೋಗ್ತೀಯಾ?" ಪ್ರಶ್ನೆ ಸರಿಯಾಗಿಯೇ ಇದೆ. ಅವರನ್ನು ನಂಬಿಕೊಂಡು ಹೋಗಬಾರದು. ಮಲಗುವ ಜಾಗ, ವಾಪಸ್ ಬರುವ ಟಿಕೆಟ್, ಖರ್ಚಿನ ದುಡ್ಡು, ಈ ಮೂರೂ ನಿಮ್ಮ ಕೈಯಲ್ಲೇ ಇರಬೇಕು. ಹಾಗಿದ್ದರೆ ಗೆಳೆಯರು ಬಂದರೂ ಪ್ರಯಾಣ ಚೆನ್ನ, ಬಾರದಿದ್ದರೂ ಚೆನ್ನ. ಅವರಿಗೂ ನಿಮ್ಮ ಭಾರ ಹೊತ್ತ ಹಾಗೆ ಆಗುವುದಿಲ್ಲ. ಕೆಳಗೆ ಬರೆದದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಹೆಜ್ಜೆ 1: ಯಾರನ್ನು ನೋಡಬೇಕು ಎಂದು ಮೊದಲು ತೀರ್ಮಾನಿಸಿ

ಒಂದು ಹಾಳೆಯಲ್ಲಿ ನಿಮ್ಮ ಆನ್‌ಲೈನ್ ಗೆಳೆಯರ ಹೆಸರು ಬರೆಯಿರಿ. ಎದುರಿಗೆ ಅವರ ಊರು. ಎಷ್ಟು ಕಾಲದಿಂದ ಗೊತ್ತು, ಬೇರೆ ಯಾರಿಗೆಲ್ಲ ಅವರ ಪರಿಚಯ ಇದೆ, ವಿಡಿಯೊದಲ್ಲಿ ಮಾತಾಡಿದ್ದೀರಾ, ಇಷ್ಟನ್ನು ಬರೆದುಕೊಳ್ಳಿ. ಬರೆಯುತ್ತಾ ಹೋದ ಹಾಗೆ ನಿಮಗೇ ಗೊತ್ತಾಗುತ್ತದೆ, ಯಾರು ನಿಜವಾಗಿ ಹತ್ತಿರದವರು, ಯಾರು ಸುಮ್ನೆ ಲೈಕ್ ಒತ್ತುವವರು ಅಂತ. ನನ್ನ ಪಟ್ಟಿಯಲ್ಲಿ ಮೊದಲು ಒಂಬತ್ತು ಹೆಸರಿದ್ದವು. ಉಳಿದಿದ್ದು ನಾಲ್ಕು.

ವಿಡಿಯೊ ಕರೆ ಮಾಡದೆ ಯಾರನ್ನೂ ಭೇಟಿಯಾಗಬೇಡಿ. ಒಮ್ಮೆ ಸಾಲದು, ಎರಡು ಮೂರು ಸಲ ಮಾಡಿ. ಮುಜುಗರ ಅನ್ನಿಸಿದರೆ ಒಂದು ನೆಪ ಹುಡುಕಿ. ನಾವು ಹಕ್ಕಿಗಳ ಫೋಟೋ ಎದುರಿಗಿಟ್ಟುಕೊಂಡು ಮಾತಾಡಿದೆವು. ಕ್ಯಾಮೆರಾ ಕೆಟ್ಟಿದೆ, ನೆಟ್ ಇಲ್ಲ ಎಂದು ಪ್ರತಿ ಸಲವೂ ತಪ್ಪಿಸಿಕೊಳ್ಳುವವರನ್ನು ಪಟ್ಟಿಯಿಂದ ತೆಗೆದುಹಾಕಿ.

ಇನ್ನೊಂದು ಎಚ್ಚರಿಕೆ. "ನಾನು ಲಂಡನ್‌ನಿಂದ ನಿನಗೆ ಗಿಫ್ಟ್ ಕಳಿಸಿದ್ದೇನೆ, ಅದು ದೆಹಲಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಇಷ್ಟು ದುಡ್ಡು ಕಟ್ಟು" ಎನ್ನುವ ಮೋಸ ನಮ್ಮಲ್ಲಿ ಎಷ್ಟೋ ಜನರ ಮನೆ ಹಾಳು ಮಾಡಿದೆ. ಬ್ರಿಟನ್‌ನ ಗೆಳೆಯ ಎಂದು ಹೇಳಿಕೊಂಡವರು ಯಾವುದೇ ಕಾರಣಕ್ಕೆ ದುಡ್ಡು ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಕಳಿಸಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಭಾರತದ ಸೈಬರ್ ವಂಚನೆ ಸಹಾಯವಾಣಿ.

ಹೆಜ್ಜೆ 2: ವೀಸಾ ಅರ್ಜಿಯಲ್ಲಿ ನಿಜ ಹೇಳಿ

ಭಾರತೀಯರಿಗೆ ಬೇಕಾದದ್ದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು. ಪ್ರಯಾಣಕ್ಕೆ 3 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ತೀರ್ಮಾನಕ್ಕೆ ಸುಮಾರು 3 ವಾರ ಹಿಡಿಯುತ್ತದೆ. ಶುಲ್ಕ 2025ರ ಏಪ್ರಿಲ್‌ನಲ್ಲಿ 127 ಪೌಂಡ್ ಆಯಿತು. ಅದು ಆಗಾಗ ಏರುತ್ತಿರುತ್ತದೆ, ಅರ್ಜಿ ಹಾಕುವ ದಿನ ಬ್ರಿಟನ್ ಸರ್ಕಾರದ ತಾಣದಲ್ಲೇ ನೋಡಿಕೊಳ್ಳಿ. ಬೆರಳಚ್ಚು ಮತ್ತು ಫೋಟೋ ಬೆಂಗಳೂರಿನ ಕೇಂದ್ರದಲ್ಲೇ ಕೊಡಬಹುದು.

ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ದಾಖಲೆ, ಕೆಲಸದಲ್ಲಿದ್ದರೆ ರಜೆ ಪತ್ರ, ದಿನದಿನದ ಪ್ರಯಾಣದ ಪಟ್ಟಿ ಇವೆಲ್ಲ ಜೋಡಿಸಿ. ಕನ್ನಡದಲ್ಲಿರುವ ದಾಖಲೆ ಏನಾದರೂ ಹಾಕುವುದಿದ್ದರೆ, ಉದಾಹರಣೆಗೆ ಪಹಣಿ, ಅದರ ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಅನುವಾದ ಮಾಡಿದವರ ಹೆಸರು, ಸಹಿ, ದಿನಾಂಕ ಮರೆಯಬೇಡಿ. ಖಾತೆಗೆ ಅರ್ಜಿಯ ಹಿಂದಿನ ವಾರ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ ಅದು ಎಲ್ಲಿಂದ ಬಂತು ಎಂದು ಬರೆದು ತಿಳಿಸಿ.

"ಆನ್‌ಲೈನ್ ಗೆಳೆಯರನ್ನು ನೋಡಲು ಹೋಗುತ್ತೇನೆ ಅಂತ ಹೇಳಬೇಕಾ, ಮುಚ್ಚಿಡಬೇಕಾ?" ಎಂದು ನನ್ನನ್ನು ತುಂಬಾ ಜನ ಕೇಳಿದ್ದಾರೆ. ಹೇಳಿ. ಪ್ರವಾಸ ಹೋಗುತ್ತಿದ್ದೇನೆ, ದಾರಿಯಲ್ಲಿ ಇಂಥ ಊರಿನಲ್ಲಿ ಗೆಳತಿಯನ್ನು ನೋಡುತ್ತೇನೆ, ಉಳಿಯುವುದು ಪ್ರವಾಸಿಗಳ ಹಾಸ್ಟೆಲಿನಲ್ಲಿ ಎಂದು ನೇರವಾಗಿ ಬರೆಯಿರಿ. ಇಳಿದ ಮೇಲೆ ಅಧಿಕಾರಿ ಕೇಳಿದರೂ ಅದೇ ಉತ್ತರ. ಒಂದು ಸುಳ್ಳು ಹೇಳಿದರೆ ಅದಕ್ಕೆ ಹೊಂದುವ ಇನ್ನೊಂದು ಸುಳ್ಳು ಬೇಕಾಗುತ್ತದೆ. ಫೋನ್‌ನಲ್ಲಿ ನಿಮ್ಮದೇ ಚಾಟ್ ಇರುತ್ತದೆ ಅಲ್ವಾ.

"ನಮ್ಮ ಮನೆಯಲ್ಲೇ ಇರು, ನಾಯಿ ನೋಡಿಕೊಂಡರೆ ಸಾಕು" ಎಂದು ಯಾರಾದರೂ ಪ್ರೀತಿಯಿಂದ ಕರೆಯಬಹುದು. ಇರಲು ಜಾಗ ಕೊಟ್ಟು ಬದಲಿಗೆ ಮಗುವನ್ನೋ ನಾಯಿಯನ್ನೋ ನೋಡಿಕೊಳ್ಳಿ ಎಂದರೆ ಅದು ಕೆಲಸ ಎಂದೇ ಎಣಿಕೆಯಾಗಬಹುದು. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಅವಕಾಶ ಇಲ್ಲ. ನಯವಾಗಿ ಬೇಡ ಅನ್ನಿ.

ವೀಸಾ ಕೈಗೆ ಬರುವ ಮೊದಲು ದುಡ್ಡು ವಾಪಸ್ ಬಾರದ ಯಾವ ಬುಕಿಂಗನ್ನೂ ಮಾಡಬೇಡಿ.

ಹೆಜ್ಜೆ 3: ದಾರಿ ಹಾಕಿಕೊಳ್ಳಿ

ನಕ್ಷೆಯಲ್ಲಿ ಬ್ರಿಟನ್ ಪುಟ್ಟದಾಗಿ ಕಾಣುತ್ತದೆ. ರೈಲುಗಳೂ ಬೇಗ ಓಡುತ್ತವೆ. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ಸುಮಾರು 2 ಗಂಟೆ. ಯಾರ್ಕ್‌ನಿಂದ ಎಡಿನ್‌ಬರೋಗೆ ಎರಡೂವರೆ ಗಂಟೆ. ಇದನ್ನು ನೋಡಿ ದಿನಕ್ಕೊಂದು ಊರು ಎಂದು ಹಾಕಿಕೊಳ್ಳುವುದು ದೊಡ್ಡ ತಪ್ಪು. ಗೆಳೆಯರಿರುವ ಊರಿಗೆ ಕಡಿಮೆ ಎಂದರೂ ಮೂರು ರಾತ್ರಿ ಕೊಡಿ. ಮೊದಲ ದಿನ ನಿಮ್ಮದು, ನಡುವಿನ ದಿನ ಅವರದು, ಮೂರನೆಯದು ಇಬ್ಬರಿಗೂ ಬಿಟ್ಟಿದ್ದು. ಮೊದಲ ಭೇಟಿ ಚೆನ್ನಾಗಿ ಆದರೆ ಎರಡನೆಯದಕ್ಕೆ ಜಾಗ ಇರುತ್ತದೆ. ಆಗದಿದ್ದರೆ ನೀವು ಆರಾಮಾಗಿ ಊರು ನೋಡಬಹುದು.

ನನ್ನ ದಾರಿ ಹೀಗಿತ್ತು: ಲಂಡನ್, ಯಾರ್ಕ್, ಎಡಿನ್‌ಬರೋ, ಅಲ್ಲಿಂದ ಗೆಳೆಯರು ಯಾರೂ ಇಲ್ಲದ ಫೋರ್ಟ್ ವಿಲಿಯಂ, ಆಮೇಲೆ ಕಾರ್ಡಿಫ್, ಮತ್ತೆ ಲಂಡನ್. ನಡುವೆ ಯಾರ ಗುರುತೂ ಇಲ್ಲದ ಒಂದು ಊರು ಬೇಕೇಬೇಕು. ಹದಿನೈದು ದಿನ ಹೊಸ ಜನರ ಜೊತೆ ಇನ್ನೊಂದು ಭಾಷೆಯಲ್ಲಿ ಮಾತಾಡಿದ ಮೇಲೆ ನಾಲಗೆಗೂ ಮನಸ್ಸಿಗೂ ರಜೆ ಬೇಕಾಗುತ್ತದೆ.

ಕಾಲ ಯಾವುದು ಎನ್ನುವುದೂ ಮುಖ್ಯ. ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಹೊತ್ತಿಗೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಮುಳುಗಿಬಿಡುತ್ತಾನೆ. ಒಬ್ಬರೇ ಓಡಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಮೇ ಮತ್ತು ಜೂನ್ ನನಗೆ ಅತ್ಯುತ್ತಮ ಅನ್ನಿಸುತ್ತದೆ. ಆಗಸ್ಟ್‌ನಲ್ಲಿ ಎಡಿನ್‌ಬರೋದಲ್ಲಿ ದೊಡ್ಡ ಉತ್ಸವಗಳು ನಡೆಯುತ್ತವೆ, ರೂಮಿನ ಬಾಡಿಗೆ ಆಕಾಶಕ್ಕೇರುತ್ತದೆ. ಡಿಸೆಂಬರ್ 25ರಂದು ರೈಲುಗಳೇ ಓಡುವುದಿಲ್ಲ.

ಹೆಜ್ಜೆ 4: ರೈಲು ಮತ್ತು ಬಸ್

ಟಿಕೆಟ್‌ನಲ್ಲಿ ಮೂರು ಬಗೆ ನೆನಪಿಟ್ಟುಕೊಂಡರೆ ಸಾಕು. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಬುಕ್ ಮಾಡಿದ ಆ ಒಂದು ರೈಲಿಗೆ ಮಾತ್ರ. ಆಫ್-ಪೀಕ್ ಟಿಕೆಟ್‌ನಲ್ಲಿ ಜನಸಂದಣಿಯ ಹೊತ್ತು ಬಿಟ್ಟು ಉಳಿದ ರೈಲು ಹತ್ತಬಹುದು. ಎನಿಟೈಮ್ ಯಾವಾಗ ಬೇಕಾದರೂ ಸರಿ, ಬೆಲೆ ಜಾಸ್ತಿ. ಅಡ್ವಾನ್ಸ್ ಟಿಕೆಟ್ ಸಾಮಾನ್ಯವಾಗಿ 12 ವಾರ ಮುಂಚೆ ಬಿಡುತ್ತಾರೆ. ದೂರದ ಊರಿಗೆ ಅದನ್ನೇ ಹಿಡಿಯಿರಿ. ಆದರೆ ಭೇಟಿ ಮುಗಿಸಿ ಅದೇ ದಿನ ವಾಪಸ್ ಬರುವ ಸಣ್ಣ ಪ್ರಯಾಣಕ್ಕೆ ಅಡ್ವಾನ್ಸ್ ಬೇಡ. ಮಾತು ಚೆನ್ನಾಗಿ ನಡೆಯುತ್ತಿರುವಾಗ ಗಡಿಯಾರ ನೋಡುತ್ತಾ ಕೂರುವ ಹಾಗಾಗುತ್ತದೆ. ಅಥವಾ ಬೇಗ ಎದ್ದು ಹೋಗಬೇಕು ಅನ್ನಿಸಿದರೆ ಟಿಕೆಟ್ ಕಟ್ಟಿಹಾಕುತ್ತದೆ.

ನಿಮ್ಮ ವಯಸ್ಸು 16ರಿಂದ 30ರೊಳಗೆ ಇದ್ದರೆ ಅಥವಾ 60 ದಾಟಿದ್ದರೆ ರೈಲ್‌ಕಾರ್ಡ್ ಮಾಡಿಸಿ. 2025ರಲ್ಲಿ ವರ್ಷಕ್ಕೆ 35 ಪೌಂಡ್ ಆಗಿದೆ, ಹೆಚ್ಚಿನ ಟಿಕೆಟ್‌ಗಳ ಮೇಲೆ ಮೂರನೇ ಒಂದು ಭಾಗ ಕಡಿತ ಸಿಗುತ್ತದೆ. ಎರಡು ದೂರದ ಪ್ರಯಾಣದಲ್ಲೇ ಆ ದುಡ್ಡು ಹುಟ್ಟುತ್ತದೆ. ನನ್ನ ಹಾಗೆ ನಡುವಯಸ್ಸಿನಲ್ಲಿರುವ ಒಂಟಿ ಪ್ರವಾಸಿಗಳು ಬ್ರಿಟ್‌ರೈಲ್ ಪಾಸ್ ಮತ್ತು ಬಿಡಿ ಟಿಕೆಟ್ ಎರಡರ ಲೆಕ್ಕ ಹಾಕಿ ನೋಡಬೇಕು. ಆ ಪಾಸ್ ಬ್ರಿಟನ್‌ನಲ್ಲಿ ವಾಸ ಇಲ್ಲದವರಿಗೆ ಮಾತ್ರ. ನಾಲ್ಕೈದು ಪ್ರಯಾಣವಷ್ಟೇ ಇದ್ದರೆ ಬಿಡಿ ಟಿಕೆಟ್ಟೇ ಲಾಭ.

ಲಂಡನ್‌ನಿಂದ ಉತ್ತರಕ್ಕೆ ಎಡಿನ್‌ಬರೋ ರೈಲು ಹತ್ತಿದರೆ ಬಲಗಡೆ ಕಿಟಕಿ ಹಿಡಿಯಿರಿ. ಡರಮ್ ಊರಿನ ದೊಡ್ಡ ಚರ್ಚು (ಕೆಥೀಡ್ರಲ್), ಆಮೇಲೆ ಸಮುದ್ರ, ಎಲ್ಲ ಆ ಕಡೆಗೇ ಬರುತ್ತವೆ. ಸ್ಕಾಟ್ಲೆಂಡ್ ಗಡಿಗೆ ಸ್ವಲ್ಪ ಮೊದಲು ಟ್ವೀಡ್ ನದಿಯ ಮೇಲೆ 28 ಕಮಾನುಗಳ ಸೇತುವೆ ಇದೆ. 1850ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂ ದಾಟಿ ಮಲ್ಲೇಗ್‌ವರೆಗೆ ಹೋಗುವ ಹಾದಿ ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಒಬ್ಬರೇ ಕೂತು ಕಿಟಕಿ ನೋಡಲು ಇದಕ್ಕಿಂತ ಒಳ್ಳೆಯ ರೈಲು ನನಗೆ ಗೊತ್ತಿಲ್ಲ.

ದುಡ್ಡು ಉಳಿಸಬೇಕಾದರೆ ದೂರದ ಬಸ್ ಇವೆ. ಅವನ್ನು ಅಲ್ಲಿ ಕೋಚ್ ಎನ್ನುತ್ತಾರೆ. ನ್ಯಾಷನಲ್ ಎಕ್ಸ್‌ಪ್ರೆಸ್, ಫ್ಲಿಕ್ಸ್‌ಬಸ್, ಸ್ಕಾಟ್ಲೆಂಡ್‌ನಲ್ಲಿ ಸಿಟಿಲಿಂಕ್. ಲಂಡನ್ ಒಳಗೆ ಬಸ್‌ಗೂ ಮೆಟ್ರೋಗೂ ಬ್ಯಾಂಕ್ ಕಾರ್ಡ್ ತಾಗಿಸಿದರೆ ಆಯಿತು. ಮೆಟ್ರೋದಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಒಂದೇ ಕಾರ್ಡ್ ತಾಗಿಸಿ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಭಾನುವಾರ ಹಳಿ ರಿಪೇರಿ ಕೆಲಸ ಜಾಸ್ತಿ, ರೈಲಿನ ಬದಲು ಬಸ್ ಹತ್ತಿಸುತ್ತಾರೆ. ಆದ್ದರಿಂದ ಗೆಳೆಯರನ್ನು ನೋಡುವ ದೂರದ ಪ್ರಯಾಣವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ.

ಸಾಮಾನು ಒಂದೇ ಚೀಲ. ಮೆಟ್ಟಿಲು ಹತ್ತಿ ಇಳಿದು, ರೈಲಿನ ಮೇಲಿನ ಹಲಗೆಗೆ ನೀವೇ ಎತ್ತಿಡುವಷ್ಟು ಭಾರ ಮಾತ್ರ. ಸೂಟ್‌ಕೇಸ್ ತುಂಬಿದ ಮೇಲೆ ಅದನ್ನು ಎತ್ತಿಕೊಂಡು ಮನೆಯ ಮಾಳಿಗೆಗೆ ಮೂರು ಸಲ ಹತ್ತಿ ಇಳಿಯಿರಿ. ಏದುಸಿರು ಬಂದರೆ ಅರ್ಧ ತೆಗೆಯಿರಿ.

ಹೆಜ್ಜೆ 5: ಹಾಸಿಗೆ ನಿಮ್ಮದೇ ಇರಲಿ

ಎಲ್ಲಾ ಊರಿನಲ್ಲೂ ಎಲ್ಲಾ ರಾತ್ರಿಗೂ ಜಾಗ ಬುಕ್ ಮಾಡಿ. ಗೆಳತಿ ಎಷ್ಟೇ ಒತ್ತಾಯ ಮಾಡಿದರೂ ಮೊದಲ ರಾತ್ರಿ ಅವರ ಮನೆಯಲ್ಲಿ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವೈಎಚ್ಎ ಎನ್ನುವ ಹಾಸ್ಟೆಲ್ ಸಂಸ್ಥೆ ಇದೆ, 1930ರಲ್ಲಿ ಶುರುವಾದದ್ದು. ಸ್ಕಾಟ್ಲೆಂಡ್‌ನಲ್ಲಿ ಹಾಸ್ಟೆಲಿಂಗ್ ಸ್ಕಾಟ್ಲೆಂಡ್ ಇದೆ. ಖಾಸಗಿ ಹಾಸ್ಟೆಲ್‌ಗಳೂ ಬಹಳ. ಹೆಂಗಸರಿಗೆ ಮಾತ್ರ ಎಂದು ಬೇರೆ ಡಾರ್ಮ್ (ಹಲವರು ಒಟ್ಟಿಗೆ ಮಲಗುವ ಕೋಣೆ) ಎಷ್ಟೋ ಕಡೆ ಸಿಗುತ್ತದೆ. ಹೆಚ್ಚಿನ ಹಾಸ್ಟೆಲ್‌ಗಳಲ್ಲಿ ನೀವೇ ಅಡುಗೆ ಮಾಡಿಕೊಳ್ಳುವ ಅಡುಗೆಮನೆ ಇರುತ್ತದೆ. ಸಸ್ಯಾಹಾರಿಗಳಿಗೆ ಅದೇ ದೊಡ್ಡ ಉಪಕಾರ. ಬೀಗ ಮತ್ತು ಟವೆಲ್ ನೀವೇ ಒಯ್ಯಿರಿ.

ಬೇಕಾದರೆ ಹಿಂದಿನ ದಿನದವರೆಗೆ ರದ್ದು ಮಾಡಬಹುದಾದ ಬುಕಿಂಗ್ ಮಾಡಿ. ಭೇಟಿಯಾಗಿ, ಮಾತಾಡಿ, ಮನಸ್ಸಿಗೆ ನೆಮ್ಮದಿ ಅನ್ನಿಸಿದ ಮೇಲೆ ಕೊನೆಯ ರಾತ್ರಿ ಅವರ ಮನೆಯಲ್ಲಿ ಉಳಿಯಬಹುದು. ಯಾರ್ಕ್‌ನಲ್ಲಿ ನಾನು ಮಾಡಿದ್ದು ಹಾಗೆಯೇ.

ಹೆಜ್ಜೆ 6: ಮೊದಲ ಭೇಟಿ

ಇಡೀ ಪ್ರಯಾಣದಲ್ಲಿ ಜಾಸ್ತಿ ಯೋಚಿಸಬೇಕಾದದ್ದು ಇದೇ.

ಮೊದಲ ಭೇಟಿಗೆ ಹಗಲು ಬೇಕು. ಜನ ಓಡಾಡುವ ಜಾಗ ಬೇಕು. ಇಬ್ಬರೂ ಒಟ್ಟಿಗೆ ನೋಡಲು ಏನಾದರೂ ಎದುರಿಗೆ ಇರಬೇಕು. ಹೋಟೆಲಿನಲ್ಲಿ ಎದುರುಬದುರು ಕೂತರೆ ಮಾತು ನಿಂತಾಗ ಕಣ್ಣು ಎಲ್ಲಿಡಬೇಕು ಗೊತ್ತಾಗುವುದಿಲ್ಲ. ಮ್ಯೂಸಿಯಂನಲ್ಲಿ ಪಕ್ಕಪಕ್ಕ ನಿಂತು ಒಂದೇ ವಸ್ತು ನೋಡುತ್ತಿದ್ದರೆ ಮೌನವೂ ಹಿತವಾಗಿರುತ್ತದೆ. ಬ್ರಿಟನ್‌ನ ದೊಡ್ಡ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಒಳಗೆ ಕಾಫಿ ಅಂಗಡಿ, ಶೌಚಾಲಯ, ಕಾವಲಿನವರು ಎಲ್ಲ ಇರುತ್ತಾರೆ. ಮಳೆ ಬಂದರೂ ಚಿಂತೆ ಇಲ್ಲ. ಗ್ಲಾಸ್ಗೋದಲ್ಲಿ ಕೆಲ್ವಿನ್‌ಗ್ರೋವ್, ಎಡಿನ್‌ಬರೋ ಮತ್ತು ಕಾರ್ಡಿಫ್‌ನಲ್ಲಿ ನ್ಯಾಷನಲ್ ಮ್ಯೂಸಿಯಂ, ಎಲ್ಲ ಉಚಿತ.

ಲಂಡನ್ ಗೆಳತಿಯನ್ನು ನಾನು ನೋಡಿದ್ದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಟಿಪ್ಪುವಿನ ಮರದ ಹುಲಿಯ ಎದುರಿಗೆ. ಬಿದ್ದವನ ಮೇಲೆ ಹುಲಿ ಹತ್ತಿ ಕೂತ ಆ ಬೊಂಬೆಯ ಹೊಟ್ಟೆಯೊಳಗೆ ಒಂದು ವಾದ್ಯ ಇದೆ. ಶ್ರೀರಂಗಪಟ್ಟಣದಿಂದ 1799ರಲ್ಲಿ ಅದನ್ನು ಒಯ್ದರು ಎಂದು ಹೇಳುತ್ತಾ ಹೋದೆ. ನಮ್ಮೂರಿನ ಕಥೆ ಹೇಳಲು ಸಿಕ್ಕಿತು, ಹಾಗಾಗಿ ಮೊದಲ ಹತ್ತು ನಿಮಿಷದ ನಾಚಿಕೆ ಹೇಗೆ ಕಳೆಯಿತೋ ತಿಳಿಯಲಿಲ್ಲ. ಆಮೇಲೆ ಇಬ್ಬರೂ ಬಸ್ ಹಿಡಿದು ಥೇಮ್ಸ್ ದಂಡೆಗೆ ಹೋದೆವು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್‌ನಲ್ಲಿ ಅನಾವರಣ ಆದದ್ದು. ಹುಟ್ಟಿದಾಗಿನಿಂದ ಲಂಡನ್‌ನಲ್ಲೇ ಇರುವ ಅವಳು ಅದನ್ನು ನೋಡಿದ್ದು ಅವತ್ತೇ ಮೊದಲು.

ಯಾರ್ಕ್‌ನಲ್ಲಿ ನ್ಯಾಷನಲ್ ರೈಲ್ವೆ ಮ್ಯೂಸಿಯಂ ನಿಲ್ದಾಣದ ಹತ್ತಿರವೇ ಇದೆ, ಅದೂ ಉಚಿತ. "ಮಲ್ಲಾರ್ಡ್ ಹತ್ತಿರ ನಿಂತಿರ್ತೀನಿ" ಎಂದು ಗೆಳತಿ ಹೇಳಿದ್ದಳು. ಮಲ್ಲಾರ್ಡ್ ಎಂದರೆ ಹಸಿರು ತಲೆಯ ಬಾತುಕೋಳಿ. ಆ ಹೆಸರಿನ ನೀಲಿ ಉಗಿ ಎಂಜಿನ್ ಅಲ್ಲಿದೆ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿ ರೈಲುಗಳ ವಿಶ್ವದಾಖಲೆ ಮಾಡಿದ ಎಂಜಿನ್. ಹಕ್ಕಿಯಿಂದ ಶುರುವಾದ ಗೆಳೆತನಕ್ಕೆ ಅದಕ್ಕಿಂತ ಸರಿಯಾದ ಜಾಗ ಇನ್ನೆಲ್ಲಿ ಸಿಗಬೇಕು! ಭೇಟಿಯ ಜಾಗ ಹೇಳುವಾಗ ಹೀಗೆ ಒಂದು ವಸ್ತುವಿನ ಹೆಸರೇ ಹೇಳಿ. "ಮ್ಯೂಸಿಯಂ ಬಾಗಿಲ ಹತ್ತಿರ" ಎಂದರೆ ಮೂರು ಬಾಗಿಲು ಇರುತ್ತವೆ.

ಮುಗಿಯುವ ಹೊತ್ತನ್ನೂ ಮೊದಲೇ ಹೇಳಿಬಿಡಿ. "ನನಗೆ ಮೂರು ಗಂಟೆಗೆ ಬೇರೆ ಕೆಲಸ ಇದೆ" ಎಂದು ಮುಂಚೆ ಹೇಳಿದ್ದರೆ ಏಳುವುದು ಇಬ್ಬರಿಗೂ ಸುಲಭ. ಎರಡು ಗಂಟೆ ಸಾಕು. ಇಷ್ಟವಾದರೆ ನಾಳೆ ಮತ್ತೆ ಸೇರಬಹುದು.

ಹೋಗುವಾಗ ಊರಿನಲ್ಲಿ ಒಬ್ಬರಿಗೆ ಹೇಳಿ ಹೋಗಿ. ನಾನು ತಂಗಿಗೆ ಮೂರು ವಿಷಯ ಕಳಿಸುತ್ತಿದ್ದೆ: ಗೆಳತಿಯ ಹೆಸರು ಮತ್ತು ನಂಬರ್, ಭೇಟಿಯ ಜಾಗ, ಮುಗಿಯುವ ಹೊತ್ತು. ಫೋನ್‌ನಲ್ಲಿ ಲೈವ್ ಲೊಕೇಶನ್ ಹಾಕಿಡುತ್ತಿದ್ದೆ. ಬೇಸಿಗೆಯಲ್ಲಿ ಭಾರತ ಬ್ರಿಟನ್‌ಗಿಂತ ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಸಂಜೆ ಏಳಕ್ಕೆ ಅಲ್ಲಿ ನಿಮಗೆ ತೊಂದರೆ ಆದರೆ ಇಲ್ಲಿ ಎಲ್ಲರೂ ಮಲಗುವ ಹೊತ್ತು. ಭೇಟಿ ಹಗಲಲ್ಲೇ ಇರಲಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪಬ್‌ನಲ್ಲೋ ಬಾರ್‌ನಲ್ಲೋ ಇದ್ದಾಗ ಎದುರಿಗಿರುವವರ ವರ್ತನೆ ಸರಿ ಅನ್ನಿಸದಿದ್ದರೆ ಕೌಂಟರ್‌ಗೆ ಹೋಗಿ "ಏಂಜೆಲಾ" ಬೇಕು ಎಂದು ಕೇಳಿ. ಇದು 2016ರಲ್ಲಿ ಲಿಂಕನ್‌ಶೈರ್‌ನಲ್ಲಿ ಶುರುವಾದ ಗುಟ್ಟಿನ ಸಂಕೇತ, ಈಗ ದೇಶದ ಎಷ್ಟೋ ಕಡೆ ನಡೆಯುತ್ತದೆ. ಅಲ್ಲಿನ ಸಿಬ್ಬಂದಿ ಗಲಾಟೆ ಇಲ್ಲದೆ ನಿಮ್ಮನ್ನು ಹೊರಗೆ ಕಳಿಸಲೋ ಟ್ಯಾಕ್ಸಿ ಕರೆಯಲೋ ಸಹಾಯ ಮಾಡುತ್ತಾರೆ. ರೈಲಿನಲ್ಲಿ ಯಾರಾದರೂ ಕಾಟ ಕೊಟ್ಟರೆ 61016ಕ್ಕೆ ಮೆಸೇಜ್ ಮಾಡಿ, ರೈಲ್ವೆ ಪೊಲೀಸರಿಗೆ ಹೋಗುತ್ತದೆ. ಜೀವಕ್ಕೇ ಅಪಾಯ ಅನ್ನಿಸಿದರೆ 999. ಅಷ್ಟು ತುರ್ತಲ್ಲದ ಆರೋಗ್ಯದ ವಿಚಾರಕ್ಕೆ 111.

ಏನೂ ತಪ್ಪು ನಡೆಯದೆಯೂ ಮನಸ್ಸಿಗೆ ಯಾಕೋ ಸರಿ ಕಾಣದಿದ್ದರೆ? ಎದ್ದು ಬನ್ನಿ. ಕಾರಣ ವಿವರಿಸುವ ಸಾಲ ನಿಮ್ಮ ಮೇಲಿಲ್ಲ.

ಹೆಜ್ಜೆ 7: ಅವರ ರೀತಿ, ನಮ್ಮ ರೀತಿ

ನಾರ್ತ್ ಬೆರಿಕ್‌ನ ಗೆಳತಿಗೆ ಎಪ್ಪತ್ತು ದಾಟಿದೆ. ಎಡಿನ್‌ಬರೋದಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಿಲ್ದಾಣಕ್ಕೆ ಬಂದು ನಿಂತಿದ್ದರು. ಚಾಟ್‌ನಲ್ಲಿ ಐದು ವರ್ಷ ಹೆಸರು ಹಿಡಿದು ಮಾತಾಡಿದ್ದೆ. ಎದುರಿಗೆ ಬಿಳಿ ಕೂದಲು ನೋಡಿದ ಕೂಡಲೇ ನಾಲಗೆ ಕಟ್ಟಿತು. ನಮ್ಮಲ್ಲಾದರೆ ಅಮ್ಮ ಎನ್ನುತ್ತಿದ್ದೆ, ಕಾಲಿಗೆ ನಮಸ್ಕಾರ ಮಾಡುತ್ತಿದ್ದೆ. ಅಲ್ಲಿ ಹೆಸರು ಹಿಡಿದು ಕರೆಯುವುದೇ ಆತ್ಮೀಯತೆ. ಆಂಟಿ ಎಂದರೆ ಅವರಿಗೆ ವಿಚಿತ್ರ ಅನ್ನಿಸುತ್ತದೆ. ಹೆಸರಿನಿಂದಲೇ ಕರೆದೆ, ಕೈ ಮಾತ್ರ ಎರಡೂ ಹಿಡಿದುಕೊಂಡೆ.

ಬಂದರಿನ ಹತ್ತಿರ ಅವರು ದುರ್ಬೀನು ನಿಲ್ಲಿಸಿದರು. ಎದುರಿಗೆ ಸಮುದ್ರದಲ್ಲಿ ಬ್ಯಾಸ್ ರಾಕ್ ಎನ್ನುವ ಬಂಡೆ. ಸುಣ್ಣ ಹೊಡೆದ ಹಾಗೆ ಬೆಳ್ಳಗಿತ್ತು. ಆ ಬಿಳಿಯೆಲ್ಲ ಗ್ಯಾನೆಟ್ ಹಕ್ಕಿಗಳು ಮತ್ತು ಅವುಗಳ ಹಿಕ್ಕೆ. ಉತ್ತರದ ಗ್ಯಾನೆಟ್‌ಗಳ ಜಗತ್ತಿನಲ್ಲೇ ದೊಡ್ಡ ನೆಲೆ ಎಂದು ಹೆಸರಾದ ಜಾಗ ಅದು. 2022ರಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಸತ್ತವು. ಅವರು ತಮ್ಮ ಫೋನ್ ತೆಗೆದು ಎರಡು ಫೋಟೋ ತೋರಿಸಿದರು. ಒಂದರಲ್ಲಿ ಹಕ್ಕಿಯ ಕಣ್ಣು ತಿಳಿನೀಲಿ, ಅದೇ ಅದರ ಸಹಜ ಬಣ್ಣ. ಇನ್ನೊಂದರಲ್ಲಿ ಕಣ್ಣು ಪೂರ್ತಿ ಕಪ್ಪು. ಜ್ವರ ಬಂದು ಬದುಕಿ ಉಳಿದ ಹಕ್ಕಿಗಳ ಕಣ್ಣು ಹಾಗಾಗುತ್ತದೆಯಂತೆ. ಆ ವರ್ಷ ದಂಡೆಯಲ್ಲಿ ಸತ್ತು ಬಿದ್ದಿದ್ದ ಹಕ್ಕಿಗಳ ಬಗ್ಗೆ ಅವರು ಗುಂಪಿನಲ್ಲಿ ಒಂದೇ ಸಾಲು ಬರೆದಿದ್ದರು. ಅವತ್ತು ಬಂದರಿನ ಗೋಡೆಯ ಮೇಲೆ ಕೂತು ಒಂದು ಗಂಟೆ ಹೇಳಿದರು. ಇಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳುವವರಿಗೆ ನಾನು ಈ ಒಂದು ಗಂಟೆಯ ಬಗ್ಗೆಯೇ ಹೇಳುತ್ತೇನೆ.

ಇನ್ನು ಕೆಲವು ವಿಷಯ ಬೇಗ ಹೇಳುತ್ತೇನೆ. ಉತ್ತರ ಇಂಗ್ಲೆಂಡ್‌ನಲ್ಲಿ "ಟೀಗೆ ಬಾ" ಎಂದರೆ ಸಂಜೆಯ ಊಟಕ್ಕೆ ಬಾ ಎಂದರ್ಥ. ಹೊಟ್ಟೆ ತುಂಬಿಸಿಕೊಂಡು ಹೋಗಬೇಡಿ. ವೆಜಿಟೇರಿಯನ್ ಎಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ಸೇರಿರುತ್ತದೆ. ಮೊಟ್ಟೆ ತಿನ್ನದವರು ಬಿಡಿಸಿ ಹೇಳಿ, ಅದೂ ಎರಡು ದಿನ ಮುಂಚೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ, ಹತ್ತು ನಿಮಿಷ ತಡವಾದರೂ ಮೆಸೇಜ್ ಹಾಕಿ. ಪಬ್‌ನಲ್ಲಿ ಸಾಮಾನ್ಯವಾಗಿ ಟೇಬಲ್‌ಗೆ ಯಾರೂ ಬರುವುದಿಲ್ಲ, ಕೌಂಟರ್‌ಗೆ ಹೋಗಿ ಕೇಳಬೇಕು. ಒಬ್ಬರು ಎಲ್ಲರಿಗೂ ಕೊಡಿಸಿದರೆ ಮುಂದಿನ ಸರದಿ ನಿಮ್ಮದು, ನೀವು ಜ್ಯೂಸ್ ಕುಡಿದಿದ್ದರೂ ಅಷ್ಟೇ. ಊಟದ ಬಿಲ್ ಹಂಚಿಕೊಳ್ಳುವುದು ಅಲ್ಲಿ ಅವಮಾನ ಅಲ್ಲ. ನಮ್ಮ ಹಾಗೆ ಬಿಲ್‌ಗೆ ಕಿತ್ತಾಡಬೇಡಿ.

ಉಡುಗೊರೆಗೆ ಹಾಲಿನ ಸಿಹಿ ಬೇಡ. ಭಾರತದಿಂದ ಮಾಂಸ ಮತ್ತು ಹಾಲಿನ ಪದಾರ್ಥ ಬ್ರಿಟನ್‌ಗೆ ಒಯ್ಯುವ ಹಾಗಿಲ್ಲ. ಧಾರವಾಡ ಪೇಡ ಒಯ್ಯುವ ಆಸೆ ಬಿಟ್ಟುಬಿಡಿ. ಚನ್ನಪಟ್ಟಣದ ಬೊಂಬೆ, ಮೈಸೂರು ಸ್ಯಾಂಡಲ್ ಸೋಪು, ಚಿಕ್ಕಮಗಳೂರಿನ ಕಾಫಿಪುಡಿ ಒಯ್ಯಿರಿ. ಕಾಫಿಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂದು ಹೇಳಿ ಕೊಡಿ, ಅವರಿಗೆ ಆ ರುಚಿ ಹೊಸತು.

ಹೆಜ್ಜೆ 8: ಗೆಳೆಯರು ಬಾರದ ದಿನ

ಕಾರ್ಡಿಫ್‌ನಲ್ಲಿ ಹಾಗಾಯಿತು. ಬೆಳಿಗ್ಗೆ ಏಳಕ್ಕೆ ಮೆಸೇಜ್ ಬಂತು. ಗೆಳೆಯನ ಮಗುವಿಗೆ ಜೋರು ಜ್ವರ. ಅವನಿಗೆ ನನಗಿಂತ ಜಾಸ್ತಿ ಬೇಜಾರು. ಹಾಸ್ಟೆಲ್ ನನ್ನದೇ ಇತ್ತು, ಮರುದಿನದ ರೈಲು ಟಿಕೆಟ್ ನನ್ನ ಹತ್ತಿರ ಇತ್ತು. ಆದ್ದರಿಂದ "ಮಗುವನ್ನು ನೋಡಿಕೋ, ನಾನು ಆರಾಮಾಗಿದ್ದೇನೆ" ಎಂದು ಬರೆಯಲು ಕಷ್ಟ ಆಗಲಿಲ್ಲ. ಅವನ ಮನೆಯಲ್ಲೇ ಉಳಿಯುವುದು ಎಂದು ಒಪ್ಪಿಕೊಂಡಿದ್ದರೆ ಆ ದಿನ ನಮ್ಮಿಬ್ಬರಿಗೂ ಎಷ್ಟು ಕಷ್ಟ ಆಗುತ್ತಿತ್ತು!

ಪ್ರತಿ ಊರಿಗೂ ಹೀಗೆ ಒಬ್ಬರೇ ಕಳೆಯುವ ಒಂದು ದಿನವನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ನಾನು ಬ್ಯೂಟ್ ಪಾರ್ಕ್‌ಗೆ ಹೋದೆ. ಊರ ನಡುವೆಯೇ ಇದೆ, ಪಕ್ಕದಲ್ಲಿ ಟಾಫ್ ನದಿ. ಕಲ್ಲಿನಿಂದ ಕಲ್ಲಿಗೆ ಬಾಲ ಕುಣಿಸುತ್ತಾ ಹಾರುತ್ತಿತ್ತು ಒಂದು ಬೂದು ಸಿಪಿಲೆ. ಚಳಿಗಾಲಕ್ಕೆ ನಮ್ಮ ಮಲೆನಾಡಿನ ಹೊಳೆಗಳಿಗೆ ಬರುವುದೂ ಇದೇ ಜಾತಿ. ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಮಧ್ಯಾಹ್ನ ಅವನು ಫೋನ್ ಮಾಡಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಅರ್ಧ ಗಂಟೆ ಮಾತಾಡಿದ. ನದಿಯ ಯಾವ ತಿರುವಿನಲ್ಲಿ ಮಿಂಚುಳ್ಳಿ ಕೂರುತ್ತದೆ ಎಂದು ಫೋನ್‌ನಲ್ಲೇ ದಾರಿ ಹೇಳಿದ.

ಹೆಜ್ಜೆ 9: ಜೇಬು ಮತ್ತು ಫೋನ್

ನಮ್ಮ ಯುಪಿಐ ಅಲ್ಲಿ ಸಾಮಾನ್ಯ ಅಂಗಡಿಗಳಲ್ಲಿ ನಡೆಯುವುದಿಲ್ಲ. ಎರಡು ಬೇರೆ ಬೇರೆ ಕಾರ್ಡ್ ಒಯ್ಯಿರಿ, ಒಂದು ಜೇಬಿನಲ್ಲಿ, ಒಂದು ಚೀಲದಲ್ಲಿ. ಅಂತರರಾಷ್ಟ್ರೀಯ ಬಳಕೆ ಮತ್ತು ಕಾರ್ಡ್ ತಾಗಿಸುವ ಸೌಲಭ್ಯ ಎರಡೂ ಆನ್ ಆಗಿವೆಯಾ ಎಂದು ಇಲ್ಲೇ ನೋಡಿಕೊಳ್ಳಿ. ಹಿಂದೆ ಹೋಗಿ ಬಂದ ನೆಂಟರು ಕೊಟ್ಟ ಹಳೆಯ ಕಾಗದದ 20, 50 ಪೌಂಡ್ ನೋಟುಗಳು 2022ರ ಸೆಪ್ಟೆಂಬರ್ ನಂತರ ಅಂಗಡಿಯಲ್ಲಿ ನಡೆಯುವುದಿಲ್ಲ. ಈಗ ಎಲ್ಲ ಪ್ಲಾಸ್ಟಿಕ್ ನೋಟು. ಸ್ಕಾಟ್ಲೆಂಡ್‌ನಲ್ಲಿ ಅಲ್ಲಿನ ಬ್ಯಾಂಕುಗಳ ಬೇರೆ ನೋಟು ಸಿಗುತ್ತದೆ. ಅದನ್ನು ಇಂಗ್ಲೆಂಡ್‌ನ ಕೆಲವು ಅಂಗಡಿಯವರು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತಾರೆ, ಅಲ್ಲೇ ಖರ್ಚು ಮಾಡಿ ಬನ್ನಿ.

ಅಲ್ಲಿನ ಪ್ರೀಪೇಯ್ಡ್ ಸಿಮ್ ಅಥವಾ ಇ-ಸಿಮ್ ಹಾಕಿಸಿ, ಆದರೆ ಬ್ಯಾಂಕ್ ಓಟಿಪಿಗೆ ನಿಮ್ಮ ಭಾರತದ ನಂಬರೂ ಚಾಲೂ ಇರಲಿ. ಪ್ಲಗ್‌ಗೆ ಮೂರು ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕು. ನಮ್ಮದು ಹೋಗುವುದಿಲ್ಲ. ಗೆಳೆಯರ ವಿಳಾಸ, ಹಾಸ್ಟೆಲ್ ವಿಳಾಸ, ತುರ್ತು ನಂಬರ್ ಎಲ್ಲ ಒಂದು ಚೀಟಿಯಲ್ಲಿ ಕೈಯಿಂದ ಬರೆದು ಪಾಸ್‌ಪೋರ್ಟ್ ಒಳಗೆ ಇಡಿ. ಫೋನ್ ಸತ್ತಾಗ ಆ ಚೀಟಿಯೇ ಗತಿ.

ಹೆಜ್ಜೆ 10: ಹೊರಡುವ ಮುನ್ನ ಒಂದು ಕಾರ್ಡ್

ಯಾರಾದರೂ ಊಟ ಹಾಕಿದರೆ, ಊರು ತೋರಿಸಿದರೆ, ಒಂದು ಧನ್ಯವಾದದ ಕಾರ್ಡ್ ಬರೆದು ಅಂಚೆಗೆ ಹಾಕುವ ಪದ್ಧತಿ ಅಲ್ಲಿ ಇನ್ನೂ ಇದೆ. ಮೆಸೇಜ್ ಬೇರೆ, ಕಾರ್ಡ್ ಬೇರೆ. ಮ್ಯೂಸಿಯಂ ಅಂಗಡಿಗಳಲ್ಲಿ ಒಳ್ಳೆಯ ಕಾರ್ಡ್ ಸಿಗುತ್ತವೆ, ಸ್ಟ್ಯಾಂಪ್ ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತದೆ. ಕೊನೆಯ ರಾತ್ರಿ ಲಂಡನ್ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೂತು ನಾನು ನಾಲ್ಕು ಕಾರ್ಡ್ ಬರೆದೆ. ಕಾರ್ಡಿಫ್‌ನವನಿಗೂ ಬರೆದೆ, ಮಗುವಿನ ಹೆಸರಿಗೆ. ಪ್ರತಿಯೊಂದರ ಕೆಳಗೆ ಹೆಸರನ್ನು ಕನ್ನಡದಲ್ಲೂ ಬರೆದೆ. ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲು ರಸ್ತೆ ಮೂಲೆಯ ಕೆಂಪು ಡಬ್ಬಿಗೆ ನಾಲ್ಕನ್ನೂ ಹಾಕಿದೆ. ನಾರ್ತ್ ಬೆರಿಕ್‌ನವರು ತಮ್ಮ ಕಾರ್ಡನ್ನು ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲಿಸಿ ಫೋಟೋ ಕಳಿಸಿದರು. ಫೋಟೋದಲ್ಲಿ ಕಾರ್ಡಿನ ಪಕ್ಕ ಚನ್ನಪಟ್ಟಣದ ಬೊಂಬೆ ಇತ್ತು, ಕಿಟಕಿಯ ಆಚೆ ದೂರದಲ್ಲಿ ಬಿಳಿ ಬಂಡೆ.